ಮೇಣದ ಬ್ಲಾಕ್ ಊರಿನಲ್ಲೇ ಬಿಟ್ಟು ಬರಬೇಡಿ

ಬೀದರಿಗೆ ಬೆಂಗಳೂರು ಸುಮಾರು 700 ಕಿ.ಮೀ. ದೂರ, ಹೈದರಾಬಾದ್ ಸುಮಾರು 140 ಕಿ.ಮೀ. ಹಾಗಾಗಿ ಕಲ್ಯಾಣ ಕರ್ನಾಟಕದ ಎಷ್ಟೋ ಮನೆಗಳಿಗೆ ಕ್ಯಾನ್ಸರ್ ಚಿಕಿತ್ಸೆಯ ಊರು ಹೈದರಾಬಾದೇ. ಜಹೀರಾಬಾದ್ ದಾಟಿ ಬರುವ ಬಸ್ಸು ಮಿಯಾಪುರವನ್ನು ಹಾದೇ ನಗರದೊಳಗೆ ಹೋಗಬೇಕು. 2018ರ ಸೆಪ್ಟೆಂಬರಿನಲ್ಲಿ ಆ ಮಾರ್ಗದ ಮೆಟ್ರೊ ಪೂರ್ತಿಯಾದ ಮೇಲೆ ಅಲ್ಲೇ ಇಳಿದು ರೈಲು ಹತ್ತಿದರೆ ಲಕ್ಡಿ ಕಾ ಪುಲ್. ರೆಡ್ ಹಿಲ್ಸ್‌ನ ಸರ್ಕಾರಿ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ ಅಲ್ಲಿಂದ ಹತ್ತಿರ. ಖಾಸಗಿಗೆ ಹೋಗುವವರಿಗೆ ಮಿಯಾಪುರದ ಆಚೆ ನಲ್ಲಗಂಡ್ಲದಲ್ಲೂ ಕ್ಯಾನ್ಸರ್ ಆಸ್ಪತ್ರೆಯಿದೆ.

ಹೀಗೆ ಬರುವವರು ಸ್ಕ್ಯಾನ್ ಫಿಲ್ಮುಗಳನ್ನು ಜೋಪಾನವಾಗಿ ತರುತ್ತಾರೆ. ಆದರೆ ರೋಗಿಗೆ ತಕ್ಕ ಚಿಕಿತ್ಸೆ ಯಾವುದೆಂದು ಹೇಳುವುದು ಹೆಚ್ಚಾಗಿ ಬಯಾಪ್ಸಿಯ ತುಣುಕು. ಅದನ್ನು ಮೇಣದಲ್ಲಿ ಹುದುಗಿಸಿದ ಪುಟ್ಟ ಬ್ಲಾಕು ಊರಿನ ಲ್ಯಾಬಿನಲ್ಲೇ ಉಳಿದಿರುತ್ತದೆ.

ಸ್ತನ ಕ್ಯಾನ್ಸರನ್ನೇ ನೋಡಿ. ಒಬ್ಬಾಕೆಯ ಗಡ್ಡೆ ಈಸ್ಟ್ರೊಜನ್ ಹಾರ್ಮೋನಿನ ಬಲದಿಂದ ಬೆಳೆಯುತ್ತದೆ. ಆಕೆಗೆ ಟಾಮೊಕ್ಸಿಫೆನ್‌ನಂಥ ಮಾತ್ರೆ ವರ್ಷಗಟ್ಟಲೆ ಬೇಕು. ಇನ್ನೊಬ್ಬಾಕೆಯ ಗಡ್ಡೆಯಲ್ಲಿ ಹರ್-2 ಪ್ರೋಟೀನ್ ವಿಪರೀತ; ಅಲ್ಲಿ ಟ್ರಾಸ್ಟುಜುಮಾಬ್ ಚುಚ್ಚುಮದ್ದು ಕೆಲಸಕ್ಕೆ ಬರುತ್ತದೆ. ಅದೇ ಮದ್ದನ್ನು ಮೊದಲನೆಯಾಕೆಗೆ ಕೊಟ್ಟರೆ ದುಡ್ಡೂ ಹಾಳು, ಹೃದಯಕ್ಕೂ ಅಪಾಯ. ವರದಿಯಲ್ಲಿ ಹರ್-2 ‘2+’ ಎಂದಿದ್ದರೆ ಅದು ಇತ್ಯರ್ಥವಾಗದ ಉತ್ತರ, ಹರ್-2 ಜೀನನ್ನೇ ನೋಡುವ ಫಿಶ್ ಪರೀಕ್ಷೆ ಆಗಲೇಬೇಕು. ಆರಂಭದ ಹಂತದ ಹಾರ್ಮೋನ್ ಬಗೆಯಲ್ಲಿ ಕೆಲವರಿಗೆ ಕೀಮೊ ಬೇಡವೇ ಬೇಡ. ಅದನ್ನು ತಿಳಿಯಲು ಬೆಂಗಳೂರಿನ ಆಂಕೊಸ್ಟೆಮ್ ಸಂಸ್ಥೆ ರೂಪಿಸಿದ ಕ್ಯಾನ್‌ಅಸಿಸ್ಟ್ ಪರೀಕ್ಷೆಯೂ ಇದೇ ಮೇಣದ ಬ್ಲಾಕಿನಲ್ಲಿ ಐದು ಪ್ರೋಟೀನುಗಳನ್ನು ಹುಡುಕುತ್ತದೆ.

ರೋಗಿಗೆ ತಕ್ಕ ಇಂಥ ಚಿಕಿತ್ಸೆ ಶ್ರೀಮಂತರಿಗಷ್ಟೇ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದೀರ್ಘಕಾಲೀನ ಮೈಲಾಯ್ಡ್ ರಕ್ತ ಕ್ಯಾನ್ಸರಿನಲ್ಲಿ ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಹುಟ್ಟುವ ಕೆಟ್ಟ ಪ್ರೋಟೀನನ್ನೇ ಕಟ್ಟಿಹಾಕುವ ಇಮಾಟಿನಿಬ್ 2001ರಲ್ಲಿ ಅಮೆರಿಕದಲ್ಲಿ ಬಂತು. ನೊವಾರ್ಟಿಸ್ ಕಂಪನಿ ಗ್ಲಿವೆಕ್ ಹೆಸರಿನಲ್ಲಿ ಮಾರುತ್ತಿದ್ದ ಈ ಮದ್ದಿಗೆ ಆಗ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಆಗುತ್ತಿತ್ತು. ಹೈದರಾಬಾದಿನ ನ್ಯಾಟ್ಕೊ ಮುಂತಾದ ಕಂಪನಿಗಳ ಅದೇ ಮದ್ದು ಅದರ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆಗೆ ಸಿಕ್ಕಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್‌ನ ಪೇಟೆಂಟ್ ಕೋರಿಕೆಯನ್ನು ತಳ್ಳಿಹಾಕಿದ್ದರಿಂದ ಆ ಮಾತ್ರೆ ಬಡವರ ಕೈಯಲ್ಲೇ ಉಳಿಯಿತು. ಮರುವರ್ಷ ಬೆಂಗಳೂರಿನ ಬಯೋಕಾನ್ ತನ್ನದೇ ಟ್ರಾಸ್ಟುಜುಮಾಬ್ ಮಾರುಕಟ್ಟೆಗೆ ತಂದಿತು.

ಮದ್ದು ಅಗ್ಗವಾದರೆ ಸಾಲದು. ಅದು ಯಾರಿಗೆ ಎಂದು ಹೇಳುವ ಪರೀಕ್ಷೆ ಜಿಲ್ಲಾ ಆಸ್ಪತ್ರೆಯ ಬಾಗಿಲಲ್ಲೇ ಉಚಿತವಾಗಿ ಸಿಗಬೇಕು. ಅಲ್ಲಿಯವರೆಗೆ ಹೈದರಾಬಾದಿನ ಬಸ್ಸು ಹತ್ತುವವರಲ್ಲಿ ಒಂದು ಕೋರಿಕೆ: ಬಯಾಪ್ಸಿ ಮಾಡಿದ ಲ್ಯಾಬಿನಿಂದ ಬ್ಲಾಕು, ಸ್ಲೈಡು, ವರದಿ ಮೂರನ್ನೂ ಕೇಳಿ ಪಡೆಯಿರಿ. ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ.