ಮೇಲೆ ಕೆಂಪು, ಕೆಳಗೆ ಕಪ್ಪು

ಹುಮನಾಬಾದ್ ಕಡೆಯ ಎತ್ತರದ ಬಯಲಿನ ಸಣ್ಣ ಊರುಗಳಲ್ಲಿ ಮಣ್ಣು ಕೆಂಪು. ಇಳಿಜಾರು ದಾಟಿದರೆ ಕಪ್ಪು. ಯಾಕೆ? – ಓದುಗರು, ಬಸವಕಲ್ಯಾಣ

ಎರಡಕ್ಕೂ ತಾಯಿ ಒಂದೇ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ ಮೇಲೆ ಪದರಪದರವಾಗಿ ಹರಿದ ಲಾವಾ ಆರಿ ಬಸಾಲ್ಟ್ ಆಯಿತು. ಅದರ ಮೇಲ್ಪದರವನ್ನು ಲಕ್ಷಾಂತರ ವರ್ಷಗಳ ಮಳೆ, ಬಿಸಿಲು ಶಿಥಿಲಗೊಳಿಸಿದವು. ಸಿಲಿಕಾ, ಸುಣ್ಣ ಮುಂತಾದವು ನೀರಲ್ಲಿ ಕರಗಿ ಹೋದವು. ಕಬ್ಬಿಣ, ಅಲ್ಯೂಮಿನಿಯಂ ಉಳಿದವು. ಮಳೆಗೆ ಬಿಟ್ಟ ರೊಟ್ಟಿ ಹಂಚಿನಂತೆ ಆ ಕಬ್ಬಿಣ ತುಕ್ಕು ಹಿಡಿಯಿತು. ಅದೇ ಜಂಬಿಟ್ಟಿಗೆ. ಒಂದು ತುಂಡು ಮುರಿದು ನೋಡಿ, ಒಳಗೆಲ್ಲ ತೂತು! ಹಳ್ಳಗಳು ಈ ಕೆಂಪು ಹೊದಿಕೆಯನ್ನು ಕೊರೆದುಹಾಕಿದ ಕಡೆ ಬಸಾಲ್ಟ್ ಹೊರಬಿದ್ದು, ಅದರಿಂದ ಕಪ್ಪು ಎರೆಮಣ್ಣು ಹುಟ್ಟಿತು. ಮಳೆನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದು, ತಳದ ಜೇಡಿ ತಡೆದಲ್ಲಿ ನಿಂತು, ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಬೀದರಿನ ‘ಕರೇಜ್’ ಎಂಬ ಹಳೆಯ ನೆಲದಡಿಯ ನೀರಿನ ಸುರಂಗಗಳಿಗೆ ನೀರು ಸಿಕ್ಕಿದ್ದೂ ಹೀಗೆಯೇ.