ಮುತ್ತಜ್ಜಿಯ ಹೆಸರೇನು? ಗೆರ್ಡಾ ಲರ್ನರ್ ಅವರ ಕೆಲಸ

ನಮ್ಮ ಮನೆಗಳಲ್ಲಿ ವಂಶಾವಳಿ ಹೇಳುವಾಗ ತಂದೆ, ಅಜ್ಜ, ಮುತ್ತಜ್ಜನ ಹೆಸರು ಸಲೀಸಾಗಿ ಬರುತ್ತದೆ. ಮುತ್ತಜ್ಜಿಯ ಹೆಸರು ಕೇಳಿದರೆ ನಾಲಗೆ ತಡವರಿಸುತ್ತದೆ. ಚರಿತ್ರೆಯ ಪುಸ್ತಕಗಳದ್ದೂ ಬಹುಕಾಲ ಇದೇ ಕಥೆ. ಈ ಮರೆವನ್ನು ಪ್ರಶ್ನಿಸಿ, ಸ್ತ್ರೀಯರ ಚರಿತ್ರೆಯನ್ನು ವಿಶ್ವವಿದ್ಯಾಲಯದ ಪಾಠವನ್ನಾಗಿ ಮಾಡಿದವರಲ್ಲಿ ಗೆರ್ಡಾ ಲರ್ನರ್ ಪ್ರಮುಖರು.

ಅವರು ಹುಟ್ಟಿದ್ದು 1920ರಲ್ಲಿ, ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಯಹೂದಿ ಕುಟುಂಬದಲ್ಲಿ. 1938ರಲ್ಲಿ ನಾಜಿಗಳು ಆ ದೇಶವನ್ನು ವಶಪಡಿಸಿಕೊಂಡಾಗ ಗೆರ್ಡಾ ಸೆರೆಮನೆ ಸೇರಿದರು. ಹದಿನೆಂಟು ತುಂಬಿದ್ದು ಅಲ್ಲಿಯೇ. ಯಹೂದಿಗಳಿಗೆ ಕೊಡುತ್ತಿದ್ದ ಊಟ ಕಡಿಮೆ. ಜೊತೆಗಿದ್ದ ಇಬ್ಬರು ಕ್ರೈಸ್ತ ಯುವತಿಯರು ತಮ್ಮ ಪಾಲಿನಲ್ಲಿ ಅವರಿಗೂ ಕೊಟ್ಟರು. ಮರುವರ್ಷ ಗೆರ್ಡಾ ಅಮೆರಿಕೆಗೆ ಬಂದರು. ತಾಯಿನುಡಿ ಜರ್ಮನ್, ಬದುಕಿನ ನುಡಿ ಇಂಗ್ಲಿಷ್. ಎರಡು ನುಡಿಗಳ ನಡುವೆ ಬಾಳುವ ಕಷ್ಟವನ್ನು ಅವರು ಮುಂದೆ ಬರೆದಿದ್ದಾರೆ. ಗಡಿನಾಡಿನ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಟೆಲಿನಲ್ಲಿ ಬಡಿಸುವುದು, ಅಂಗಡಿಯಲ್ಲಿ ಮಾರುವುದು, ಎಕ್ಸ್-ರೇ ತೆಗೆಯುವುದು ಹೀಗೆ ಹಲವು ಕೆಲಸ ಮಾಡಿದರು. ಮದುವೆಯಾಗಿ, ಇಬ್ಬರು ಮಕ್ಕಳನ್ನು ಬೆಳೆಸಿ, ನಲವತ್ತರ ಹೊತ್ತಿಗೆ ಮತ್ತೆ ಕಾಲೇಜಿಗೆ ಹೋದರು. 1963ರಲ್ಲಿ, ಇನ್ನೂ ಪದವಿ ವಿದ್ಯಾರ್ಥಿನಿಯಾಗಿರುವಾಗಲೇ, ಸ್ತ್ರೀಚರಿತ್ರೆಯ ತರಗತಿ ನಡೆಸಿದರು. 1966ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಬಂತು. ಗುಲಾಮರನ್ನು ಇಟ್ಟುಕೊಂಡಿದ್ದ ಮನೆಯಲ್ಲೇ ಹುಟ್ಟಿ ಗುಲಾಮಗಿರಿಯ ವಿರುದ್ಧ ಹೋರಾಡಿದ ಗ್ರಿಮ್‌ಕೆ ಸಹೋದರಿಯರು ಅವರ ಸಂಶೋಧನೆಯ ವಿಷಯ. 1972ರಲ್ಲಿ ಕಪ್ಪು ಮಹಿಳೆಯರ ಬರಹ ಮತ್ತು ಹೇಳಿಕೆಗಳ ಸಂಗ್ರಹ ಹೊರತಂದರು. ಅದೇ ವರ್ಷ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಸ್ತ್ರೀಚರಿತ್ರೆಯ ಸ್ನಾತಕೋತ್ತರ ಶಿಕ್ಷಣ ಆರಂಭಿಸಿದರು.

ದಾಖಲೆಯೇ ಇಲ್ಲದೆ ಚರಿತ್ರೆ ಹೇಗೆ ಎಂದು ನೀವು ಕೇಳಬಹುದು. ದಾಖಲೆ ಇತ್ತು, ಹುಡುಕುವವರಿರಲಿಲ್ಲ. ಪತ್ರ, ದಿನಚರಿ, ಭಾಷಣ, ಸಂಘಗಳ ಕಡತಗಳಲ್ಲಿ ಹೆಂಗಸರ ಮಾತು ಉಳಿದಿತ್ತು. 1986ರಲ್ಲಿ ಪಿತೃಪ್ರಾಧಾನ್ಯದ ಹುಟ್ಟಿನ ಬಗ್ಗೆ ಬರೆದ ಪುಸ್ತಕದಲ್ಲಿ ಅವರು ಇನ್ನೂ ಮುಂದೆ ಹೋದರು. ಗಂಡಿನ ಯಜಮಾನಿಕೆ ಪ್ರಕೃತಿ ಕೊಟ್ಟದ್ದಲ್ಲ, ಕಾಲಕ್ರಮದಲ್ಲಿ ಜನರೇ ಕಟ್ಟಿದ ವ್ಯವಸ್ಥೆ ಎಂಬುದು ಅವರ ವಾದ. ಆರಂಭವಿರುವುದಕ್ಕೆ ಅಂತ್ಯವೂ ಇರಬಹುದಲ್ಲವೇ?

ಗೆರ್ಡಾ 2013ರಲ್ಲಿ ತೀರಿಕೊಂಡರು. ಅವರು ಕಲಿಸಿದ ಕೆಲಸ ನಮ್ಮ ಮನೆಯಲ್ಲೂ ಆಗಬಹುದು. ಇಂದು ರಾತ್ರಿ ಊಟದ ಹೊತ್ತಿಗೆ ಮನೆಯ ಹಿರಿಯಳನ್ನು ಕೇಳಿ: ನಿನ್ನ ಅಜ್ಜಿಯ ಹೆಸರೇನು, ಯಾವ ಊರಿನಿಂದ ಬಂದಳು, ಯಾವ ನುಡಿ ಆಡುತ್ತಿದ್ದಳು? ಉತ್ತರವನ್ನು ಮಕ್ಕಳ ನೋಟುಪುಸ್ತಕದಲ್ಲಿ ಬರೆದಿಡಿ. ಹೇಳುವವರು ಇರುವಾಗಲೇ ಕೇಳಬೇಕು.