ಇಪ್ಪತ್ತಾರು ಬಾರಿ ಓದಿದೊಡನೆ ಮಾಯವಾಗುವ ಪುಸ್ತಕ

2011ನೆಯ ಇಸವಿಯ ಮಾರ್ಚ್ ತಿಂಗಳು. ಅಮೆರಿಕದ ಒಕ್ಲಹೋಮ ಸಂಸ್ಥಾನದಲ್ಲಿ ಸಾರ್ವಜನಿಕ ಗ್ರಂಥಾಲಯವೊಂದರ ಸಿಬ್ಬಂದಿ ಒಂದು ಪುಟ್ಟ ಚಿತ್ರವನ್ನು ತೆಗೆದರು. ಅದರಲ್ಲಿ ನಟರಿಲ್ಲ, ಹಾಡಿಲ್ಲ, ಕಥೆಯೂ ಇಲ್ಲ. ಕಪಾಟಿನಿಂದ ಕೆಲವು ಪುಸ್ತಕಗಳನ್ನು ತೆಗೆದು, ಒಂದೊಂದನ್ನೇ ಕೈಗೆತ್ತಿಕೊಂಡು, ಇದು ಇಷ್ಟು ಸಲ ಎರವಲು ಹೋಗಿ ಬಂದಿದೆ, ಇದರ ಹೊಲಿಗೆಯನ್ನು ನೋಡಿ, ಹಾಳೆಗಳನ್ನು ನೋಡಿ ಎಂದು ತೋರಿಸಿದರು, ಅಷ್ಟೆ. ಇಪ್ಪತ್ತಾರಕ್ಕಿಂತ ಹೆಚ್ಚು ಬಾರಿ ಮನೆಮನೆ ಸುತ್ತಿ ಬಂದಿದ್ದರೂ ಆ ಪುಸ್ತಕಗಳು ಇನ್ನೂ ಎಷ್ಟೋ ಮನೆಗಳನ್ನು ಸುತ್ತುವ ಸ್ಥಿತಿಯಲ್ಲಿದ್ದವು. ಪ್ರಪಂಚದ ನಾನಾ ಕಡೆಯ ಗ್ರಂಥಪಾಲಕರು ಆ ಚಿತ್ರವನ್ನು ನೋಡಿ ನಕ್ಕರು. ನಕ್ಕ ಮೇಲೆ ನಿಟ್ಟುಸಿರಿಟ್ಟರು.

ಇಪ್ಪತ್ತಾರೇ ಏಕೆ? ಅದೇ ವರ್ಷ ಹಾರ್ಪರ್ ಕಾಲಿನ್ಸ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಹೊಸದೊಂದು ನಿಯಮವನ್ನು ಹೊರಡಿಸಿತ್ತು. ಗ್ರಂಥಾಲಯಗಳು ತನ್ನಿಂದ ಪಡೆದ ಇ-ಪುಸ್ತಕವನ್ನು 26 ಸಲ ಎರವಲು ಕೊಡಬಹುದು. ಇಪ್ಪತ್ತೇಳನೆಯ ಓದುಗ ಬಂದಾಗ ಪುಸ್ತಕ ಇರುವುದಿಲ್ಲ. ಬೇಕಿದ್ದರೆ ಮತ್ತೆ ಹಣ ತೆತ್ತು ಪಡೆಯಬೇಕು. ಒಬ್ಬೊಬ್ಬರಿಗೆ ಎರಡು ವಾರದಂತೆ ಕೊಟ್ಟರೆ 26 ಎರವಲಿಗೆ ಒಂದು ವರ್ಷವಾಯಿತು. ಕಾಗದದ ಪುಸ್ತಕವೂ ಕೈಯಿಂದ ಕೈಗೆ ಹೋಗಿ ಸವೆಯುವುದುಂಟಲ್ಲವೆ? ಇದು ಪ್ರಕಾಶಕರ ವಾದ. ಸವೆಯದ ವಸ್ತುವಿಗೆ ಸವೆತವನ್ನು ಲೆಕ್ಕ ಹಾಕಿ ಹೊಲಿದು ಕೊಟ್ಟ ಈ ಜಾಣತನವನ್ನು ಕಂಡೇ ಒಕ್ಲಹೋಮದವರು ಕಪಾಟಿನತ್ತ ನಡೆದದ್ದು.

ನಗೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಇಂದು ಇಪ್ಪತ್ತಾರು ಎರವಲಿನ ಕರಾರು ಗ್ರಂಥಾಲಯಗಳಿಗೆ ದೊರೆಯುವ ಉದಾರ ಕರಾರುಗಳಲ್ಲೊಂದು ಎನ್ನುವ ಗ್ರಂಥಪಾಲಕರೂ ಇದ್ದಾರೆ.

ಒಂದು ಡಾಲರಿನ ಕಾದಂಬರಿ

ಈ ಜಗಳದ ಬೇರನ್ನು ಹುಡುಕಿಕೊಂಡು ಹೊರಟರೆ ನೂರು ವರ್ಷಕ್ಕೂ ಹಿಂದಿನ ಒಂದು ಅಂಗಡಿ ಎದುರಾಗುತ್ತದೆ. ಬಾಬ್ಸ್-ಮೆರಿಲ್ ಎಂಬ ಪ್ರಕಾಶಕರು 'ದಿ ಕ್ಯಾಸ್ಟ್‌ಅವೇ' ಎಂಬ ಕಾದಂಬರಿಯನ್ನು ಅಚ್ಚು ಹಾಕಿಸಿ, ಅದರೊಳಗೆ ಒಂದು ಎಚ್ಚರಿಕೆಯನ್ನೂ ಮುದ್ರಿಸಿದರು: ಈ ಪುಸ್ತಕದ ಬೆಲೆ ಒಂದು ಡಾಲರು, ಇದಕ್ಕಿಂತ ಕಡಮೆಗೆ ಮಾರುವವರು ಕೃತಿಸ್ವಾಮ್ಯವನ್ನು ಉಲ್ಲಂಘಿಸಿದಂತೆ. ನ್ಯೂಯಾರ್ಕಿನ ಪ್ರಸಿದ್ಧ ಮೇಸಿ ಅಂಗಡಿಯ ಒಡೆಯರಾದ ಸ್ಟ್ರಾಸ್ ಸೋದರರು ಎಚ್ಚರಿಕೆಯನ್ನು ಓದಿಯೂ 89 ಸೆಂಟಿಗೆ ಮಾರಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1908ರಲ್ಲಿ ತೀರ್ಪು ಬಂದಿತು: ಪ್ರತಿಯನ್ನು ಒಮ್ಮೆ ಮಾರಿದ ಮೇಲೆ, ಕೊಂಡವನು ಅದನ್ನು ಯಾವ ಬೆಲೆಗೆ ಮರುಮಾರಾಟ ಮಾಡಬೇಕೆಂದು ಹೇಳುವ ಅಧಿಕಾರ ಪ್ರಕಾಶಕನಿಗಿಲ್ಲ.

ಹನ್ನೊಂದು ಸೆಂಟಿನ ಜಗಳದಲ್ಲಿ ಹುಟ್ಟಿದ ಈ ತತ್ವ ಮರುವರ್ಷವೇ ಅಮೆರಿಕದ ಕೃತಿಸ್ವಾಮ್ಯ ಶಾಸನದೊಳಗೆ ಸೇರಿತು. ಗ್ರಂಥಾಲಯಗಳು ನಿಂತಿರುವುದೂ ಇದೇ ನೆಲದ ಮೇಲೆ. ಅಂಗಡಿಯಿಂದ ತಂದ ಪುಸ್ತಕವನ್ನು ಹತ್ತು ಜನಕ್ಕೆ ಕೊಡಲಿ, ಸಾವಿರ ಜನಕ್ಕೆ ಕೊಡಲಿ, ಯಾರ ಅಪ್ಪಣೆಯೂ ಬೇಕಿರಲಿಲ್ಲ. ರಟ್ಟು ಕಿತ್ತರೆ ಬೈಂಡಿಗೆ ಕೊಡಬಹುದು. ಓದುಗರು ಕಡಮೆಯಾದರೆ ಹಳೆಯ ಪುಸ್ತಕವೆಂದು ಮಾರಬಹುದು. ಪಿಂಚಣಿದಾರರೊಬ್ಬರು ತಮ್ಮ ಬೀರುವಿನ ಪುಸ್ತಕಗಳನ್ನೆಲ್ಲ ದಾನವಾಗಿ ಕೊಟ್ಟರೆ ಅವನ್ನೂ ಮುದ್ರೆಯೊತ್ತಿ ಕಪಾಟಿಗೆ ಸೇರಿಸಬಹುದು.

ಇ-ಪುಸ್ತಕದಲ್ಲಿ ಈ ನೆಲವೇ ಕುಸಿಯುತ್ತದೆ. ಅಲ್ಲಿ ಸಾಮಾನ್ಯವಾಗಿ ಪ್ರಕಾಶಕರು ಮಾರುವುದು ಪ್ರತಿಯನ್ನಲ್ಲ, ಓದುವ ಪರವಾನಗಿಯನ್ನು. ಪರವಾನಗಿಯ ಷರತ್ತುಗಳು ಬರೆದುಕೊಟ್ಟವರಿಗೆ ಸೇರಿದವು. ಗುಂಡಿಯ ಮೇಲೆ 'ಕೊಳ್ಳಿರಿ' ಎಂದೇ ಬರೆದಿರಬಹುದು. ಕೊಂಡದ್ದು ಮಾತ್ರ ಏನೂ ಇಲ್ಲ. 2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆಯ ಕಿಂಡಲ್ ಉಪಕರಣವನ್ನು ಇಟ್ಟುಕೊಂಡಿದ್ದ ಹಲವರಿಗೆ ಇದು ಚೆನ್ನಾಗಿ ಮನದಟ್ಟಾಯಿತು. ಹಣ ಕೊಟ್ಟು ಪಡೆದಿದ್ದ ಎರಡು ಪುಸ್ತಕಗಳು ಅವರ ಕೈಯೊಳಗಿದ್ದ ಯಂತ್ರದಿಂದಲೇ ಕಾಣೆಯಾಗಿದ್ದವು. ಮಾರಿದವರಿಗೆ ಮಾರುವ ಹಕ್ಕಿರಲಿಲ್ಲವೆಂದು ಅಮೆಜಾನ್ ದೂರದಿಂದಲೇ ಅವನ್ನು ಅಳಿಸಿತ್ತು. ಹಣ ಹಿಂದಿರುಗಿತು, ಕ್ಷಮಾಪಣೆಯೂ ಬಂದಿತು. ಅಳಿಸಿದ ಪುಸ್ತಕಗಳಲ್ಲಿ ಒಂದು ಜಾರ್ಜ್ ಆರ್ವೆಲ್ ಅವರ '1984'. ಸರ್ಕಾರವೇ ಹಳೆಯ ಬರಹಗಳನ್ನು ಅಳಿಸಿ ತಿದ್ದುವ ರಾಜ್ಯವೊಂದರ ಕಥೆಯದು! ಕಾದಂಬರಿಕಾರನೊಬ್ಬ ಇಂಥ ಘಟನೆಯನ್ನು ಕಲ್ಪಿಸಿ ಬರೆದಿದ್ದರೆ ಅತಿಯಾಯಿತೆಂದು ಸಂಪಾದಕರು ಹೊಡೆದುಹಾಕುತ್ತಿದ್ದರು.

ಇಲ್ಲದ ಪುಸ್ತಕಕ್ಕೆ ಸರದಿ

ಅಮೆರಿಕದ ಓದುಗ ಇಂದು ಗ್ರಂಥಾಲಯಕ್ಕೆ ಹೋಗದೆಯೇ ಗ್ರಂಥಾಲಯದ ಪುಸ್ತಕ ಓದಬಲ್ಲ. ಓಹಿಯೋ ಸಂಸ್ಥಾನದ ಕ್ಲೀವ್‌ಲೆಂಡಿನಲ್ಲಿ 1986ರಲ್ಲಿ ಆರಂಭವಾದ ಓವರ್‌ಡ್ರೈವ್ ಎಂಬ ಕಂಪನಿ ಪ್ರಕಾಶಕರಿಗೂ ಗ್ರಂಥಾಲಯಗಳಿಗೂ ನಡುವೆ ನಿಂತಿದೆ. 2017ರಲ್ಲಿ ಅದು ಹೊರತಂದ ಲಿಬ್ಬಿ ಎಂಬ ಆ್ಯಪ್ ಅಲ್ಲಿನ ಎಷ್ಟೋ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಅಲ್ಲಿ ನೆಲೆಸಿದ ಮಗಳ ಮನೆಗೆ ಹೋಗಿ ಬಂದ ಬೆಂಗಳೂರಿನ ಎಷ್ಟೋ ತಂದೆತಾಯಿಗಳು ಅದನ್ನು ಕಂಡು ಬೆರಗಾದವರೇ. ಗ್ರಂಥಾಲಯದ ಚೀಟಿಯೊಂದಿದ್ದರೆ ನಡುರಾತ್ರಿಯಲ್ಲಿಯೂ ಹಾಸಿಗೆಯ ಮೇಲೇ ಪುಸ್ತಕ ಕೈಗೆ ಬರುತ್ತದೆ; ಗಡುವು ಮುಗಿದಾಗ ತಾನಾಗಿಯೇ ಹೊರಟುಹೋಗುವುದರಿಂದ ದಂಡದ ಭಯವೂ ಇಲ್ಲ. ದೃಷ್ಟಿ ಮಂದವಾದವರು ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು.

ಆದರೆ ಹೊಸ ಕಾದಂಬರಿಯೊಂದನ್ನು ಕೇಳಿದವರಿಗೆ ಆ್ಯಪ್ ಹೇಳುವುದು: ನಿಮ್ಮ ಮುಂದೆ ಇಷ್ಟು ಜನರಿದ್ದಾರೆ, ಇಷ್ಟು ವಾರ ಕಾಯಿರಿ. ಒಂದು ಪರವಾನಗಿಗೆ ಒಂದು ಕಾಲದಲ್ಲಿ ಒಬ್ಬನೇ ಓದುಗ ಎಂಬುದು ಸಾಮಾನ್ಯ ಕರಾರು. ಕ್ಷಣಮಾತ್ರದಲ್ಲಿ ಲಕ್ಷ ಪ್ರತಿಯಾಗಬಲ್ಲ ವಸ್ತುವಿಗೆ ಸರದಿಯ ಸಾಲು!

ಅದಕ್ಕಿಂತ ಭಾರವಾದುದು ಬೆಲೆ. ಸಾಮಾನ್ಯ ಓದುಗನಿಗೆ ಸುಮಾರು 15 ಡಾಲರಿಗೆ ದೊರೆಯುವ ಹೊಸ ಇ-ಪುಸ್ತಕಕ್ಕೆ ಗ್ರಂಥಾಲಯ 55, 60 ಡಾಲರು ತೆರಬೇಕಾಗುವುದುಂಟು. ಹೋಗಲಿ, ಕೊಟ್ಟಮೇಲಾದರೂ ಉಳಿಯುತ್ತದೆಯೆ? ಪೆಂಗ್ವಿನ್ ರ‍್ಯಾಂಡಮ್ ಹೌಸ್ ಮೊದಲು ಕಾಲಮಿತಿಯಿಲ್ಲದೆ ಕೊಡುತ್ತಿತ್ತು. 2018ರ ಅಕ್ಟೋಬರಿನಿಂದ ಬೆಲೆಯನ್ನು ಸ್ವಲ್ಪ ಇಳಿಸಿ ಪರವಾನಗಿಯನ್ನು ಎರಡು ವರ್ಷಕ್ಕೆ ಕತ್ತರಿಸಿತು. ಮರುವರ್ಷ ಹಾಶೆಟ್ ಸಂಸ್ಥೆಯೂ ಅದೇ ದಾರಿ ಹಿಡಿಯಿತು. ಎರಡು ವರ್ಷವಾದ ಮೇಲೆ ಗ್ರಂಥಪಾಲಕ ಯೋಚಿಸಬೇಕು: ಇದ್ದ ಪುಸ್ತಕವನ್ನೇ ಮತ್ತೆ ಕೊಳ್ಳುವುದೋ, ಹೊಸದನ್ನು ತರುವುದೋ? ಹೆಸರಾಂತ ಲೇಖಕನ ಪುಸ್ತಕಕ್ಕೆ ಕೇಳುವವರಿದ್ದಾರೆ. ಅದು ಮರಳಿ ಬರುತ್ತದೆ. ಮೊದಲ ಕಾದಂಬರಿ ಬರೆದ ಹೊಸ ಲೇಖಕಿಯದು, ಒಂದು ಊರಿನ ಚರಿತ್ರೆ, ಹತ್ತು ಜನ ಓದಿದ ಕವನ ಸಂಗ್ರಹ—ಇವು ಸದ್ದಿಲ್ಲದೆ ಹೋಗುತ್ತವೆ. ಕಾಗದದ ಕಾಲದಲ್ಲಿ ಇಂಥವು ಕಪಾಟಿನ ಮೂಲೆಯಲ್ಲಿ ಧೂಳು ತಿನ್ನುತ್ತ ಮೂವತ್ತು ವರ್ಷ ಕಾದಿದ್ದು, ಒಂದು ದಿನ ಯಾರೋ ಹುಡುಗನ ಕೈಗೆ ಸಿಗುತ್ತಿದ್ದವು. ಧೂಳು ತಿನ್ನುವುದಕ್ಕೂ ಬಾಡಿಗೆ ಕೇಳುವ ಕಪಾಟಿನಲ್ಲಿ ಆ ಕಾಯುವಿಕೆಗೆ ಎಡೆಯಿಲ್ಲ.

ಪ್ರಕಾಶಕರ ಅಳುಕು

ಪ್ರಕಾಶಕರನ್ನು ಬರಿಯ ದುರಾಶೆಯವರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಾಗದದ ಪುಸ್ತಕವನ್ನು ಎರವಲು ತರಲು ಬಿಸಿಲಲ್ಲಿ ನಡೆಯಬೇಕು, ಬಾಗಿಲು ತೆರೆದಿರುವ ಹೊತ್ತಿಗೆ ಹೋಗಬೇಕು, ಮರಳಿಸಲು ಇನ್ನೊಮ್ಮೆ ನಡೆಯಬೇಕು. ಆ ಶ್ರಮವನ್ನು ಬೇಡವೆಂದವರು ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಕೊಳ್ಳುವುದೂ ಎರವಲು ಪಡೆಯುವುದೂ ಒಂದೇ ಬೆರಳಿನ ಒಂದೇ ಒತ್ತು ಎಂದಾದ ಮೇಲೆ ಹಣ ಕೊಟ್ಟು ಯಾರು ಕೊಂಡಾರು? 2019ರ ಜುಲೈನಲ್ಲಿ ಮ್ಯಾಕ್‌ಮಿಲನ್ ಸಂಸ್ಥೆಯ ಮುಖ್ಯಸ್ಥ ಜಾನ್ ಸಾರ್ಜೆಂಟ್ ತಮ್ಮ ಲೇಖಕರಿಗೆ ಬರೆದ ಪತ್ರದ ಸಾರ ಇದೇ. ಅಮೆರಿಕದಲ್ಲಿ ತಮ್ಮ ಇ-ಪುಸ್ತಕಗಳ ಓದಿನಲ್ಲಿ ನೂರಕ್ಕೆ 45 ಪಾಲು ಗ್ರಂಥಾಲಯಗಳ ಮೂಲಕ ನಡೆಯುತ್ತಿದೆಯೆಂದು ಅವರು ತಿಳಿಸಿದರು. ಲೇಖಕನ ಗೌರವಧನ ಮಾರಾಟದಿಂದಲೇ ಬರಬೇಕಷ್ಟೆ.

ರೋಗದ ವಿವರಣೆ ಒಪ್ಪುವಂತಿತ್ತು. ಔಷಧ ಮಾತ್ರ ವಿಪರೀತ. ಹೊಸ ಪುಸ್ತಕ ಹೊರಬಂದ ಮೊದಲ ಎಂಟು ವಾರಗಳಲ್ಲಿ, ಎಷ್ಟೇ ಶಾಖೆಗಳಿರುವ ಗ್ರಂಥಾಲಯ ವ್ಯವಸ್ಥೆಯಾದರೂ ಒಂದೇ ಒಂದು ಇ-ಪ್ರತಿ ಪಡೆಯಬಹುದು ಎಂದು ಮ್ಯಾಕ್‌ಮಿಲನ್ ಸಾರಿತು. ಹತ್ತು ಲಕ್ಷ ಜನರ ಊರಿಗೂ ಒಂದು, ಹತ್ತು ಸಾವಿರದ ಊರಿಗೂ ಒಂದು! ಗ್ರಂಥಾಲಯ ಸಂಘದ ಮನವಿಗೆ ಒಂದೂವರೆ ಲಕ್ಷಕ್ಕೂ ಮಿಕ್ಕಿ ಜನ ಸಹಿ ಹಾಕಿದರು. ವಾಷಿಂಗ್ಟನ್ ಸಂಸ್ಥಾನದ ಕಿಂಗ್ ಕೌಂಟಿ ಗ್ರಂಥಾಲಯದಂಥವು ಮ್ಯಾಕ್‌ಮಿಲನ್ನಿನ ಹೊಸ ಇ-ಪುಸ್ತಕಗಳನ್ನೇ ಕೊಳ್ಳುವುದಿಲ್ಲವೆಂದು ಪಟ್ಟುಹಿಡಿದವು. 2020ರ ಮಾರ್ಚಿನಲ್ಲಿ, ಕೊರೋನಾ ಪಿಡುಗಿನಿಂದ ಗ್ರಂಥಾಲಯಗಳ ಬಾಗಿಲು ಮುಚ್ಚುತ್ತಿದ್ದ ದಿನಗಳಲ್ಲಿ, ಸಂಸ್ಥೆ ನಿಯಮವನ್ನು ಹಿಂತೆಗೆದುಕೊಂಡಿತು.

ನ್ಯಾಯಾಲಯದ ಮೆಟ್ಟಿಲು

ಆ ಮಾರ್ಚಿನಲ್ಲಿಯೇ ಇನ್ನೊಂದು ಕಥೆ ಆರಂಭವಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್‌ನೆಟ್ ಆರ್ಕೈವ್ ಎಂಬ ಲಾಭರಹಿತ ಸಂಸ್ಥೆ ಕಾಗದದ ಪುಸ್ತಕಗಳ ಪುಟಗಳನ್ನು ಚಿತ್ರ ತೆಗೆದು, ಎಷ್ಟು ಕಾಗದದ ಪ್ರತಿಗಳಿವೆಯೋ ಅಷ್ಟೇ ಜನಕ್ಕೆ ಒಂದು ಸಲಕ್ಕೆ ಎರವಲು ಕೊಡುತ್ತಿತ್ತು. ಶಾಲೆಗಳೆಲ್ಲ ಮುಚ್ಚಿದವೆಂದು ಮರುಗಿ ಮಾರ್ಚ್ 24ರಂದು ಆ ಎಣಿಕೆಯನ್ನೇ ಸಡಿಲಿಸಿತು. ಬೇಡಿದವರಿಗೆಲ್ಲ ಒಮ್ಮೆಗೇ ಪುಸ್ತಕ. ಜೂನ್ 1ರಂದು ನಾಲ್ವರು ಪ್ರಕಾಶಕರು 127 ಪುಸ್ತಕಗಳನ್ನು ಹೆಸರಿಸಿ ದಾವೆ ಹೂಡಿದರು. 2023ರಲ್ಲಿ ಕೆಳಗಿನ ನ್ಯಾಯಾಲಯವೂ 2024ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಪ್ರಕಾಶಕರ ಪರ ತೀರ್ಪಿತ್ತವು. ಎಣಿಕೆ ಸಡಿಲಿಸಿದ್ದು ಮಾತ್ರವಲ್ಲ, ಎಣಿಸಿ ಕೊಟ್ಟದ್ದೂ ತಪ್ಪೆಂದಾಯಿತು. ಐದು ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಎರವಲಿನಿಂದ ತೆಗೆಯಬೇಕಾಯಿತೆಂದು ಆರ್ಕೈವ್ ಹೇಳಿತು. ಸದ್ಭಾವನೆಯಿಂದ ಇಟ್ಟ ಒಂದು ದುಡುಕಿನ ಹೆಜ್ಜೆ ಎದುರಾಳಿಗೆ ಒಳ್ಳೆಯ ಅವಕಾಶವನ್ನೇ ಒದಗಿಸಿತೆನ್ನಬೇಕು.

ಶಾಸನದ ದಾರಿಯೂ ಮುಳ್ಳಿನದೇ. ಸಾರ್ವಜನಿಕರಿಗೆ ಮಾರುವ ಇ-ಪುಸ್ತಕವನ್ನು ಗ್ರಂಥಾಲಯಗಳಿಗೂ ನ್ಯಾಯವಾದ ಷರತ್ತಿನಲ್ಲಿ ಕೊಡಬೇಕೆಂದು ಮೇರಿಲ್ಯಾಂಡ್ ಸಂಸ್ಥಾನ 2021ರಲ್ಲಿ ಕಾನೂನು ಮಾಡಿತು. ವಿರೋಧವಾಗಿ ಒಂದು ಮತವೂ ಬೀಳಲಿಲ್ಲ. 2022ರಲ್ಲಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಕೃತಿಸ್ವಾಮ್ಯ ಕೇಂದ್ರ ಸರ್ಕಾರದ ವಿಷಯ, ಸಂಸ್ಥಾನಗಳು ಅದರಲ್ಲಿ ಕೈಹಾಕುವಂತಿಲ್ಲ ಎಂಬುದು ಕಾರಣ.

ಯೂರೋಪಿನಲ್ಲಿ ಗಾಳಿ ತುಸು ಬೇರೆ. ನೆದರ್‌ಲ್ಯಾಂಡ್ಸಿನ ಗ್ರಂಥಾಲಯ ಸಂಘ ಕೇಳಿದ ಪ್ರಶ್ನೆಗೆ ಯೂರೋಪಿನ ಒಕ್ಕೂಟದ ನ್ಯಾಯಾಲಯ 2016ರಲ್ಲಿ ಉತ್ತರ ಕೊಟ್ಟಿತು: ಒಂದು ಪ್ರತಿಗೆ ಒಬ್ಬ ಓದುಗ ಎಂಬ ಕಟ್ಟಿನೊಳಗೆ ಇ-ಪುಸ್ತಕದ ಎರವಲೂ ಎರವಲೇ, ಲೇಖಕರಿಗೆ ನ್ಯಾಯವಾದ ಸಂಭಾವನೆ ಸಲ್ಲಬೇಕು, ಅಷ್ಟೆ. ಬ್ರಿಟನ್ನಿನಲ್ಲಿ 1979ರ ಶಾಸನದಂತೆ ಗ್ರಂಥಾಲಯದ ಎರವಲಿಗೆ ಸರ್ಕಾರವೇ ಲೇಖಕರಿಗೆ ಸಂಭಾವನೆ ಕೊಡುತ್ತದೆ. 2018ರಿಂದ ಇ-ಪುಸ್ತಕಕ್ಕೂ ಅದು ಅನ್ವಯಿಸಿತು. ಲೇಖಕ ಉಪವಾಸವಿರಬೇಕಾಗಿಲ್ಲ, ಓದುಗನೂ ಹಿಂದಿರುಗಬೇಕಾಗಿಲ್ಲ. ಅಮೆರಿಕದವರು ಈ ಏರ್ಪಾಟಿನತ್ತ ಏಕೆ ತಿರುಗಿ ನೋಡಲಿಲ್ಲವೋ!

ಸರಪಳಿಯ ನೆನಪು

ಇಂಗ್ಲೆಂಡಿನ ಹೆರಿಫೋರ್ಡ್ ನಗರದ ದೊಡ್ಡ ಇಗರ್ಜಿಯಲ್ಲಿ ಇಂದಿಗೂ ಒಂದು ವಿಚಿತ್ರ ಪುಸ್ತಕಾಲಯವನ್ನು ಕಾಣಬಹುದು. ಪ್ರತಿಯೊಂದು ಪುಸ್ತಕಕ್ಕೂ ಕಬ್ಬಿಣದ ಸರಪಳಿ. ಸರಪಳಿಯ ಇನ್ನೊಂದು ತುದಿ ಕಪಾಟಿನ ಸಲಾಕೆಗೆ. ಓದುವವನು ಅಲ್ಲಿಯೇ ನಿಂತು, ಇಲ್ಲವೆ ಕುಳಿತು ಓದಬೇಕು. ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ತಮ್ಮ ಪಂಚಸೂತ್ರಗಳನ್ನು ಪ್ರಕಟಿಸಿದಾಗ, ಪುಸ್ತಕಗಳಿರುವುದು ಉಪಯೋಗಕ್ಕೆ ಎಂಬ ಮೊದಲ ಸೂತ್ರವನ್ನು ವಿವರಿಸಲು ಈ ಸರಪಳಿಗಳ ಕಾಲವನ್ನೇ ನೆನೆದರು. ಅವರು ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಅವರು ಅಲ್ಲಿದ್ದಾಗಲೇ 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಶಾಸನವಾಯಿತು. ಮನೆಯ ಕಂದಾಯದೊಡನೆ ಗ್ರಂಥಾಲಯಕ್ಕೂ ಒಂದಿಷ್ಟು ಉಪಕರ ತೆರುವ ಪದ್ಧತಿ ಬೆಳೆದುಬಂದದ್ದು ಈ ಶಾಸನದಿಂದ.

2020ರಲ್ಲಿ ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆಯೂ ಡಿಜಿಟಲ್ ಗ್ರಂಥಾಲಯವನ್ನು ತೆರೆಯಿತು. ಭಾರತದ ಕಾನೂನಿನಲ್ಲಿಯೂ ಒಮ್ಮೆ ಚಲಾವಣೆಗೆ ಬಂದ ಕಾಗದದ ಪ್ರತಿಯ ಮುಂದಿನ ಸಂಚಾರವನ್ನು ತಡೆಯುವ ಹಕ್ಕು ಪ್ರಕಾಶಕನಿಗಿಲ್ಲ. ಇ-ಪುಸ್ತಕದ ಕರಾರಾದರೋ ಇಲ್ಲಿಯೂ ಕರಾರೇ. ಕನ್ನಡದ ಹೊಸ ಕಾದಂಬರಿಗಳು ನಾಳೆ ಹೆಚ್ಚುಹೆಚ್ಚಾಗಿ ಈ ರೂಪದಲ್ಲಿ ಬಂದಾಗ, ಉಪಕರದ ಹಣದಲ್ಲಿ ಗ್ರಂಥಾಲಯ ಕೊಳ್ಳುವುದು ಪುಸ್ತಕವನ್ನೋ ಎರಡು ವರ್ಷದ ಬಾಡಿಗೆ ಚೀಟಿಯನ್ನೋ ಎಂದು ಕೇಳುವ ಹಕ್ಕು ಕಂದಾಯ ಕಟ್ಟುವ ಪ್ರತಿ ಮನೆಗೂ ಇದೆ.

ಅಮೆರಿಕದಲ್ಲಿ ಕೆಲವು ಕಿಟಕಿಗಳು ತೆರೆದಿವೆ. ತಾನೇ ಪ್ರಕಟಿಸಿದ ಇ-ಪುಸ್ತಕಗಳನ್ನು ಗ್ರಂಥಾಲಯಗಳಿಗೆ ಕೊಡಲೊಲ್ಲದೆ ಇದ್ದ ಅಮೆಜಾನ್ 2021ರಲ್ಲಿ ಡಿಜಿಟಲ್ ಪಬ್ಲಿಕ್ ಲೈಬ್ರರಿ ಆಫ್ ಅಮೆರಿಕದೊಡನೆ ಒಪ್ಪಂದಕ್ಕೆ ಬಂದಿತು. ಅದರಲ್ಲಿನ ಒಂದು ಬಗೆಯ ಪರವಾನಗಿಯಂತೆ 40 ಎರವಲುಗಳನ್ನು ಒಟ್ಟಾಗಿ ಕೊಂಡು, ಒಂದೇ ಕಾಲಕ್ಕೆ ಹತ್ತು ಜನರವರೆಗೆ ಕೊಡಬಹುದು, ಕಾಲದ ಗಡುವಿಲ್ಲ. ಮೇರಿಲ್ಯಾಂಡಿನ ಸೋಲಿನಿಂದ ಪಾಠ ಕಲಿತ ಇತರ ಸಂಸ್ಥಾನಗಳು ಕೃತಿಸ್ವಾಮ್ಯದ ಗೊಡವೆಗೇ ಹೋಗದೆ, ಸಾರ್ವಜನಿಕ ಹಣದಲ್ಲಿ ಎಂಥ ಕರಾರಿಗೆ ಸಹಿ ಹಾಕಬಹುದೆಂಬುದನ್ನು ಮಾತ್ರ ಕಟ್ಟುಮಾಡಲು ಹೊರಟವು. 2025ರಲ್ಲಿ ಕನೆಕ್ಟಿಕಟ್ ಇಂಥದೊಂದು ಕಾನೂನನ್ನು ಮಾಡಿತು: ಕಾಲಮಿತಿಯನ್ನೂ ಎರವಲಿನ ಎಣಿಕೆಯನ್ನೂ ಒಟ್ಟಿಗೆ ಹೇರುವ ಕರಾರಿಗೆ ಗ್ರಂಥಾಲಯಗಳು ಒಪ್ಪಕೂಡದು. ಆದರೆ ಒಂಟಿಯಾಗಿ ನಿಂತರೆ ಪ್ರಕಾಶಕರು ಪುಸ್ತಕ ಕೊಡುವುದನ್ನೇ ನಿಲ್ಲಿಸಿಯಾರೆಂಬ ಅಂಜಿಕೆ. ಆದುದರಿಂದ ಕಾನೂನಿನೊಳಗೇ ಒಂದು ಷರತ್ತನ್ನು ಬರೆದರು. ಇದೇ ಬಗೆಯ ಕಾನೂನು ಮಾಡಿದ ಬೇರೆ ಸಂಸ್ಥಾನಗಳ ಜನಸಂಖ್ಯೆ ಒಟ್ಟು 70 ಲಕ್ಷವನ್ನು ಮುಟ್ಟಿದ ಮೇಲೆಯೇ ಇದು ಜಾರಿಗೆ ಬರತಕ್ಕದ್ದು. ಕನೆಕ್ಟಿಕಟ್ಟಿನ ಸ್ವಂತ ಜನಸಂಖ್ಯೆ ಅದರ ಅರ್ಧದಷ್ಟು ಮಾತ್ರ.